ಲಂಕೆಯ ಬಾಗಿಲು ತೆರೆದಿದೆ, ಬೆಟ್ಟದ ಹಳಿಯ ಲೆಕ್ಕ ಬೇರೆ

ಶ್ರೀಲಂಕೆಗೆ ಹೋಗಿ ಬೆಟ್ಟದ ರೈಲು ಹತ್ತಬೇಕೆಂದು ರಜೆ, ರೊಕ್ಕ ಎರಡನ್ನೂ ಕೂಡಿಸುತ್ತಿರುವ ಕಲಬುರಗಿ, ಬೀದರ್, ಯಾದಗಿರಿಯ ರೈಲುಪ್ರಿಯರ ಕಿವಿಗೆ ಈಗ ಎರಡು ಥರದ ಸುದ್ದಿ ಬೀಳುತ್ತಿದೆ. 2025ರ ಕೊನೆಯಲ್ಲಿ ಅಪ್ಪಳಿಸಿದ ಚಂಡಮಾರುತದ ಬಳಿಕ ಅಲ್ಲಿನ ಪ್ರವಾಸೋದ್ಯಮದವರು 'ದೇಶ ಸುರಕ್ಷಿತವಾಗಿದೆ, ಬನ್ನಿ' ಎನ್ನುತ್ತಾರೆ. ರೈಲ್ವೆ ಪ್ರಕಟಣೆಗಳಲ್ಲಿ ಮಾತ್ರ ಇಲ್ಲಿಂದ ಇಲ್ಲಿಯವರೆಗೆ ಗಾಡಿ ಉಂಟು, ಮುಂದಕ್ಕೆ ಇಲ್ಲ ಎಂಬ ಒಕ್ಕಣೆ. ಟಿಕೆಟ್ ಮಾರುವ ಏಜೆಂಟರು ಎರಡನ್ನೂ ಕಲಸಿ 'ಆಗುತ್ತದೆ ಸಾರ್, ಬುಕ್ ಮಾಡಿ' ಎಂದುಬಿಡುತ್ತಾರೆ.

ಪ್ರವಾಸೋದ್ಯಮದವರು ಹೇಳುವುದೂ ಸುಳ್ಳಲ್ಲ, ರೈಲ್ವೆಯವರು ಹೇಳುವುದೂ ಸುಳ್ಳಲ್ಲ. ವಿಮಾನ ನಿಲ್ದಾಣ, ಹೋಟೆಲು, ರಸ್ತೆ ಸರಿಹೋಗುವ ವೇಗಕ್ಕೂ ಗುಡ್ಡದ ಮಗ್ಗುಲಲ್ಲಿ ಕುಸಿದ ಹಳಿ ಸರಿಹೋಗುವ ವೇಗಕ್ಕೂ ಬಹಳ ಅಂತರವಿದೆ. ಈ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಪ್ರವಾಸವನ್ನು ರದ್ದು ಮಾಡುವ ಅಗತ್ಯ ಬೀಳಲಾರದು. ಅದನ್ನು ಜೋಡಿಸುವ ಕ್ರಮವನ್ನಂತೂ ಬದಲಿಸಲೇಬೇಕು.

ಒಂದರ ಹಿಂದೆ ಒಂದು ಪೆಟ್ಟು

2018ರಲ್ಲಿ ಶ್ರೀಲಂಕೆಗೆ 23 ಲಕ್ಷಕ್ಕೂ ಹೆಚ್ಚು ವಿದೇಶಿ ಪ್ರವಾಸಿಗರು ಬಂದಿದ್ದರು. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಆಮೇಲೆ ಕೋವಿಡ್, 2022ರಲ್ಲಿ ದೇಶವೇ ಸಾಲ ತೀರಿಸಲಾಗದೆ ಕೈಚೆಲ್ಲಿದ ಆರ್ಥಿಕ ಕುಸಿತ: ಮೂರೂ ಸೇರಿ ಈ ಉದ್ಯಮವನ್ನು ನೆಲಕಚ್ಚಿಸಿದವು. ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತ ದೇಶಕ್ಕೆ ಯಾರು ಪ್ರವಾಸ ಹೋಗುತ್ತಾರೆ? ಆದರೂ 2024ರ ಹೊತ್ತಿಗೆ ಸಂಖ್ಯೆ ಮತ್ತೆ 20 ಲಕ್ಷ ದಾಟಿತು. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು. ಬೇರಾವ ದೇಶದಿಂದಲೂ ಅಷ್ಟು ಜನ ಬಂದಿರಲಿಲ್ಲ.

ಚೇತರಿಕೆ ಗಟ್ಟಿಯಾಗುತ್ತಿದ್ದಾಗಲೇ 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಮಧ್ಯದ ಬೆಟ್ಟಸೀಮೆಯಲ್ಲಿ ನೂರಾರು ಕಡೆ ಗುಡ್ಡ ಜರಿಯಿತು, ರೈಲು ಹಳಿಗಳು ಹಲವೆಡೆ ಕೊಚ್ಚಿಹೋದವು. ಪುನರ್ನಿರ್ಮಾಣಕ್ಕೆ ಭಾರತ 45 ಕೋಟಿ ಡಾಲರ್‌ನ ನೆರವು ಘೋಷಿಸಿತು. ಅದರಲ್ಲಿ 35 ಕೋಟಿ ಕಡಿಮೆ ಬಡ್ಡಿಯ ಸಾಲ, ಉಳಿದದ್ದು ಅನುದಾನ. ಘೋಷಣೆಯಾದ ದಿನವೇ ಹಳಿ ಬೀಳುವುದಿಲ್ಲ ಎಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾದದ್ದು 2014ರಲ್ಲಿ.

ನಮ್ಮವರಿಗೆ ಆ ಮಾರ್ಗದ ಮೇಲೇಕೆ ಕಣ್ಣು

ಕೊಲಂಬೊದಿಂದ ಬದುಲ್ಲದವರೆಗಿನ ಮುಖ್ಯ ಮಾರ್ಗ ಸುಮಾರು 290 ಕಿ.ಮೀ. ಇದೆ. ಎಲ್ಲವೂ ಸರಿಯಿದ್ದ ದಿನಗಳಲ್ಲೂ ಅದಕ್ಕೆ ಹತ್ತು ಗಂಟೆಯ ಆಸುಪಾಸು ಬೇಕಾಗುತ್ತಿತ್ತು. 1867ಕ್ಕೆ ಕ್ಯಾಂಡಿ ಮುಟ್ಟಿದ ಹಳಿ ಬದುಲ್ಲ ಮುಟ್ಟಿದ್ದು 1924ರಲ್ಲಿ. ಗೇಜ್ ನಮ್ಮದೇ, 1676 ಮಿ.ಮೀ.ನ ಬ್ರಾಡ್‌ಗೇಜ್. ಊಟಿಯಲ್ಲಿ, ಡಾರ್ಜಿಲಿಂಗಿನಲ್ಲಿ ಬೆಟ್ಟ ಹತ್ತುವುದು ಪುಟ್ಟ ಗಾಡಿ. ಇಲ್ಲಿ ಕಲಬುರಗಿ ನಿಲ್ದಾಣದ ಹಳಿಯಷ್ಟೇ ಅಗಲದ ಹಳಿ 1,891 ಮೀಟರ್ ಎತ್ತರದ ಪಟ್ಟಿಪೊಳ ನಿಲ್ದಾಣಕ್ಕೆ ಏರುತ್ತದೆ.

ಏರಿಕೆ 44 ಅಡಿಗೆ ಒಂದು ಅಡಿ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಯಿಂದ ಬರುವವರು ಕರ್ಜತ್‌ನಲ್ಲಿ ಹಿಂದಿನಿಂದ ದೂಡಲು ಎಂಜಿನ್ ಸೇರಿಸುವುದನ್ನು ನೋಡಿರುತ್ತಾರೆ. ಭೋರ್ ಘಾಟಿನಲ್ಲಿ ಏರು 37ಕ್ಕೆ ಒಂದು, ಲಂಕೆಗಿಂತ ಕಡಿದು. ಆದರೆ ಆ ಘಾಟು ಕೆಲವು ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಲಂಕೆಯಲ್ಲಿ ರಂಬುಕ್ಕನ ದಾಟಿ ಶುರುವಾದ ಏರು ಕಡುಗನ್ನಾವದಲ್ಲಿ ಸ್ವಲ್ಪ ಉಸಿರು ಬಿಟ್ಟು, ನಾವಲಪಿಟಿಯದಿಂದ ಮುಂದೆ ಮತ್ತೆ ಹಿಡಿದುಕೊಳ್ಳುತ್ತದೆ. ತಿರುವುಗಳ ತ್ರಿಜ್ಯ ಕೆಲವೆಡೆ ನೂರೇ ಮೀಟರ್.

ನಮ್ಮವರನ್ನು ಸೆಳೆಯುವ ಇನ್ನೊಂದು ಸಂಗತಿ ಡೀಸೆಲ್. ವಾಡಿ ಜಂಕ್ಷನ್‌ನಲ್ಲಿ ನಿಂತರೆ ಈಗ ತಂತಿಯ ಕೆಳಗೆ ಬರುವುದು ಹೆಚ್ಚಾಗಿ ವಿದ್ಯುತ್ ಎಂಜಿನ್ನೇ. ಶ್ರೀಲಂಕೆಯಲ್ಲಿ ವಿದ್ಯುತ್ ಮಾರ್ಗವೇ ಇಲ್ಲ. 1954ರಿಂದ ಬಂದ ಕೆನಡಾದ ಎಂ2 ಎಂಜಿನ್‌ಗಳು ಆಲ್ಬರ್ಟಾ, ಒಂಟಾರಿಯೊ ಎಂಬ ಹೆಸರು ಹೊತ್ತು ಓಡಿದ ಹಳಿ ಅದು. 2004ರ ಸುನಾಮಿಯಲ್ಲಿ ಪೆರಾಲಿಯ ಬಳಿ ಸಿಕ್ಕಿಬಿದ್ದ ರೈಲಿನ 591ನೇ ಎಂಜಿನ್ 'ಮ್ಯಾನಿಟೋಬ'ವನ್ನೂ ದುರಸ್ತಿ ಮಾಡಿ ಮತ್ತೆ ಓಡಿಸಿದರು. ವಾರಾಣಸಿಯಲ್ಲಿ ತಯಾರಾದ ಎಂ10, ಎಂ11 ಎಂಜಿನ್‌ಗಳೂ ಚೆನ್ನೈನ ಕಾರ್ಖಾನೆಯ ಎಸ್13 ಗಾಡಿಗಳೂ ಅಲ್ಲಿವೆ. ನಮ್ಮಲ್ಲಿ ಅಪರೂಪವಾಗುತ್ತಿರುವ ಆಲ್ಕೊ, ಅಂದರೆ ಹಳೆಯ ಅಮೆರಿಕನ್ ವಿನ್ಯಾಸದ ಡೀಸೆಲ್ ಎಂಜಿನ್ನಿನ ಸದ್ದು ಕೇಳಲು ಸಮುದ್ರ ದಾಟಿ ಹೋಗುವವರ ಹುಚ್ಚು ಅರ್ಥವಾಗುವಂಥದ್ದೇ.

ಕೆಸರು ಬಾಚಿದ ಮಾತ್ರಕ್ಕೆ ಗಾಡಿ ಓಡದು

ಗೊಂದಲದ ಬೇರು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಬೆಟ್ಟದ ಹಳಿ ಕೂತಿರುವುದು ಗುಡ್ಡದ ಮಗ್ಗುಲನ್ನು ಕೊರೆದು ಮಾಡಿದ ಕಟ್ಟೆಯ ಮೇಲೆ. ಒಳಗಡೆ ಕಡಿದ ಗುಡ್ಡದ ಗೋಡೆ, ಹೊರಗಡೆ ಅದೇ ಮಣ್ಣು ಸುರಿದು ಕಟ್ಟಿದ ಏರಿ. ಗುಡ್ಡದಿಂದ ಇಳಿಯುವ ನೀರು ಒಳಮಗ್ಗುಲಿನ ಚರಂಡಿಗೆ ಬಿದ್ದು, ಹಳಿಯ ಕೆಳಗಿನ ಮೋರಿಯಲ್ಲಿ ತೂರಿ ಕಣಿವೆಗೆ ಹೋಗಬೇಕು.

ಮೇಲಿನ ಗೋಡೆ ಒಂದಿಷ್ಟು ಜರಿದು ಚರಂಡಿ ಮುಚ್ಚಿತೆನ್ನಿ. ನೀರಿಗೆ ದಾರಿ ತಪ್ಪುತ್ತದೆ. ಅದು ಜಲ್ಲಿಯೊಳಗೆ ಇಳಿದು ಏರಿಯ ಮಣ್ಣನ್ನು ನೆನೆಸುತ್ತದೆ. ನೆನೆದ ಮಣ್ಣಿಗೆ ತನ್ನ ಭಾರವೇ ತಡೆಯದೆ ಹೊರಮಗ್ಗುಲು ಜಾರಿ ಕಣಿವೆಗೆ ಬೀಳುತ್ತದೆ. ಉಳಿಯುವುದು ಸ್ಲೀಪರ್‌ಗಳ ಸಮೇತ ಗಾಳಿಯಲ್ಲಿ ಏಣಿಯಂತೆ ಜೋತಾಡುವ ಹಳಿ.

ಮೇಲಿನಿಂದ ಬಿದ್ದ ಕೆಸರನ್ನು ಒಂದೆರಡು ದಿನದಲ್ಲಿ ಬಾಚಬಹುದು. ಕೆಳಗೆ ಜಾರಿದ ಏರಿಯನ್ನು ಕಟ್ಟಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಗಟ್ಟಿ ನೆಲ ಸಿಗುವವರೆಗೆ ಮೆಟ್ಟಿಲು ಮೆಟ್ಟಿಲಾಗಿ ಅಗೆಯಬೇಕು. ತಂತಿಬಲೆಯಲ್ಲಿ ಕಲ್ಲು ತುಂಬಿಯೋ ಕಾಂಕ್ರೀಟಿನಿಂದಲೋ ತಡೆಗೋಡೆ ಎಬ್ಬಿಸಬೇಕು. ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡಬೇಕು. ಮೋರಿ ಹೊಸದಾಗಿ ಕೂಡಿಸಿ, ಆಮೇಲೆ ಜಲ್ಲಿ, ಸ್ಲೀಪರ್, ಹಳಿ. ದಮ್ಮಸಿನಲ್ಲಿ ಅವಸರ ಮಾಡಿದರೆ ಮುಂದಿನ ಮಳೆಗೆ ಅದೇ ಜಾಗ ಮತ್ತೆ ಕೂರುತ್ತದೆ.

ಇದರ ಮೇಲೆ ಸಾಗಣೆಯ ತೊಡಕು. ಕುಸಿದ ಜಾಗಗಳಲ್ಲಿ ಹಲವಕ್ಕೆ ಲಾರಿ ಹೋಗುವ ರಸ್ತೆಯೇ ಇಲ್ಲ. ಕಲ್ಲು, ಸಿಮೆಂಟು, ಯಂತ್ರ ಎಲ್ಲವೂ ಹಳಿಯ ಮೇಲೆಯೇ ಬರಬೇಕು. ಎಂದರೆ ಮೊದಲ ಕುಸಿತ ಸರಿಯಾಗದೆ ಎರಡನೆಯದಕ್ಕೆ ಸಾಮಾನು ಮುಟ್ಟದು. ಎರಡು ತುದಿಯಿಂದ ಕೆಲಸ ಒಳಕ್ಕೆ ಸರಿಯುತ್ತ ಹೋಗುತ್ತದೆ, ನಡುವಿನ ತುಂಡು ಕೊನೆಗೆ ಉಳಿಯುತ್ತದೆ. ಬೆಟ್ಟದ ಮಾರ್ಗದಲ್ಲಿ ಗಾಡಿಗಳು ಮೊದಲು ತುಂಡು ತುಂಡಾಗಿ ಓಡಲು ಇದೇ ಕಾರಣ.

ಹೋಲಿಕೆಗೆ ಕರಾವಳಿ ಮಾರ್ಗ ನೋಡಿ. ಸುನಾಮಿ ಗಾಲ್ ಕಡೆಯ ಹಳಿಯನ್ನು ಕಿಲೋಮೀಟರುಗಟ್ಟಲೆ ಕಿತ್ತೆಸೆದಿತ್ತು. ಆದರೂ ಸುಮಾರು ಎರಡು ತಿಂಗಳಲ್ಲಿ ಅಲ್ಲಿ ಗಾಡಿ ಓಡಿತು. ನೆಲ ಸಮತಟ್ಟು, ಪಕ್ಕದಲ್ಲೇ ಹೆದ್ದಾರಿ, ಹತ್ತಾರು ಕಡೆ ಒಟ್ಟಿಗೆ ಕೆಲಸ ಹಿಡಿಯಲು ಸಾಧ್ಯವಿತ್ತು. ಈ ಅನುಕೂಲಗಳಲ್ಲಿ ಒಂದೂ ಬೆಟ್ಟದಲ್ಲಿಲ್ಲ.

ತೆರೆದ ಮೇಲೂ ಗಾಡಿ ಕಡಿಮೆ

ಹಳಿ ಕೂಡಿದ ಮೇಲೆ ಮೊದಲು ಬರಿಯ ಎಂಜಿನ್ ಹೋಗಿ ಬರುತ್ತದೆ, ಆಮೇಲೆ ಖಾಲಿ ಗಾಡಿ, ಆಮೇಲೆ ಪ್ರಯಾಣಿಕರು. ಹೊಸ ಏರಿ ಕೂತು ಗಟ್ಟಿಯಾಗುವವರೆಗೆ ಆ ಜಾಗಗಳಲ್ಲಿ ಗಾಡಿ ಆಮೆಯ ನಡಿಗೆಯಲ್ಲಿ ದಾಟಬೇಕು. ನಮ್ಮ ರೈಲ್ವೆಯವರು ಕಾಶನ್ ಎನ್ನುವುದು ಇದನ್ನೇ.

ಇದರ ಪರಿಣಾಮ ಒಂದು ಗಾಡಿ ತಡವಾಗುವುದಕ್ಕೆ ನಿಲ್ಲುವುದಿಲ್ಲ. ಬೆಟ್ಟದಲ್ಲಿರುವುದು ಒಂಟಿ ಹಳಿ, ಎದುರುಬದುರಿನ ಗಾಡಿಗಳು ದಾಟಿಕೊಳ್ಳುವುದು ನಿಲ್ದಾಣಗಳಲ್ಲಿ ಮಾತ್ರ. ಅಲ್ಲಿ ಇನ್ನೂ ಟ್ಯಾಬ್ಲೆಟ್ ಪದ್ಧತಿ ಬಳಕೆಯಲ್ಲಿದೆ. ಸ್ಟೇಷನ್ ಮಾಸ್ಟರ್ ಹಳೆಯ ಯಂತ್ರದಿಂದ ಲೋಹದ ಬಿಲ್ಲೆಯೊಂದನ್ನು ತೆಗೆದು, ಚರ್ಮದ ಚೀಲಕ್ಕೆ ಹಾಕಿ, ಚೀಲಕ್ಕೆ ಸೇರಿದ ದೊಡ್ಡ ಬಳೆಯನ್ನು ಎತ್ತಿ ಹಿಡಿದು ಪ್ಲಾಟ್‌ಫಾರ್ಮಿನ ಅಂಚಿಗೆ ನಿಲ್ಲುತ್ತಾನೆ. ಚಲಿಸುವ ಎಂಜಿನ್ನಿನಿಂದ ಚಾಲಕನ ಸಹಾಯಕ ತೋಳು ಚಾಚಿ ಅದನ್ನು ಸಿಕ್ಕಿಸಿಕೊಳ್ಳುತ್ತಾನೆ. ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಬೆಸೆದಿರುವುದರಿಂದ ಒಂದು ಬಿಲ್ಲೆ ಹೊರಗಿರುವಾಗ ಇನ್ನೊಂದು ಬರುವುದಿಲ್ಲ. ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ. ಆ ಗಾಡಿ ಇಪ್ಪತ್ತು ನಿಮಿಷದ ದಾರಿಗೆ ನಲವತ್ತು ತೆಗೆದುಕೊಂಡರೆ ಎದುರಿನದು ಅಷ್ಟೂ ಹೊತ್ತು ಕಾಯಬೇಕು. ಹೀಗಾಗಿ ದಿನಕ್ಕೆ ಓಡಬಲ್ಲ ಗಾಡಿಗಳ ಸಂಖ್ಯೆಯೇ ಇಳಿಯುತ್ತದೆ. ಸಂಖ್ಯೆ ಇಳಿದರೆ ಸೀಟಿಗೆ ಪೈಪೋಟಿ ಏರುತ್ತದೆ.

ಗಾಡಿ ಯಾರಿಗೆ ಮೊದಲು

ಇಲ್ಲಿ ಮೂರು ಪಕ್ಷಗಳಿವೆ. ಪ್ರವಾಸೋದ್ಯಮದವರ ವಾದ ನೇರ: ದೇಶಕ್ಕೆ ಡಾಲರ್ ಬೇಕು, 2023ರಲ್ಲಿ ಐಎಂಎಫ್ ಕೊಟ್ಟ ಸುಮಾರು 300 ಕೋಟಿ ಡಾಲರ್ ಸಾಲದ ಷರತ್ತುಗಳು ತಲೆಯ ಮೇಲಿವೆ, ಒಂಬತ್ತು ಕಮಾನಿನ ಸೇತುವೆ ದಾಟುವ ಗಾಡಿಯ ಚಿತ್ರವೇ ದೇಶದ ಜಾಹೀರಾತು. ಪ್ರವಾಸಿ ಗಾಡಿ ಬೇಗ ಓಡಲಿ, ಬೆಟ್ಟದ ಊರುಗಳಾದ 'ಎಲ್ಲ', ಹಪುತಲೆಯ ವಸತಿಗೃಹಗಳು ಉಸಿರಾಡಲಿ.

ಬೆಟ್ಟದ ನಿವಾಸಿಗಳ ಕಣ್ಣಿಗೆ ಅದೇ ಹಳಿ ಬೇರೆ ಥರ ಕಾಣುತ್ತದೆ. ಚಹಾ ತೋಟದ ಕೂಲಿಯವರಿಗೆ, ಶಾಲೆ ಮಕ್ಕಳಿಗೆ, ಆಸ್ಪತ್ರೆಗೆ ಹೋಗುವವರಿಗೆ ಮೂರನೇ ದರ್ಜೆಯ ಅಗ್ಗದ ಗಾಡಿಯೇ ಆಧಾರ. ದಿನಕ್ಕೆ ನಾಲ್ಕೇ ಗಾಡಿ ಓಡಿಸಲಾಗುವುದಾದರೆ ಅದರಲ್ಲಿ ಒಂದನ್ನು ಕ್ಯಾಮೆರಾ ಹಿಡಿದವರಿಗೆ ಮೀಸಲಿಡುವುದು ಯಾವ ನ್ಯಾಯ ಎಂದು ಅವರು ಕೇಳಿದರೆ ಸುಲಭದ ಉತ್ತರವಿಲ್ಲ. ವಿದೇಶಿಯರಿಗೆ ಹೆಚ್ಚು ದರ ಇಟ್ಟು ಆ ಹಣದಲ್ಲಿ ಸ್ಥಳೀಯರ ಗಾಡಿ ನಡೆಸಿ ಎನ್ನುವವರೂ ಇದ್ದಾರೆ. ನಷ್ಟದಲ್ಲೇ ನಡೆಯುವ ರೈಲ್ವೆಗೆ ಅದು ಒಪ್ಪುವ ಮಾತೇ, ಹೆಚ್ಚು ತೆರಬೇಕಾದವರು ನಾವಾದರೂ.

ಮೂರನೆಯವರು ಎಂಜಿನಿಯರರು. ಇದ್ದ ಹಾಗೆಯೇ ಬೇಗ ಕಟ್ಟಿ ತೆರೆಯುವುದೋ, ಚರಂಡಿ, ಮೋರಿ, ಇಳಿಜಾರು ಎಲ್ಲವನ್ನೂ ಈಗಿನ ಮಳೆಗೆ ತಕ್ಕಂತೆ ಹೊಸದಾಗಿ ಕಟ್ಟುವುದೋ? ನೂರು ವರ್ಷದ ಹಿಂದಿನ ಮೋರಿಗಳು ಇಂಥ ಮಳೆಗೆ ಲೆಕ್ಕ ಹಾಕಿ ಕಟ್ಟಿದವಲ್ಲ. ಎರಡನೆಯ ದಾರಿ ಸರಿಯಾದದ್ದು, ಆದರೆ ದುಬಾರಿ, ನಿಧಾನ. ಬಹುಶಃ ಎರಡೂ ಬೆರೆತೇ ನಡೆಯುತ್ತದೆ: ಮೊದಲು ತಾತ್ಕಾಲಿಕ ದುರಸ್ತಿಯಲ್ಲಿ ಗಾಡಿ, ಆಮೇಲೆ ಶಾಶ್ವತ ಕೆಲಸಕ್ಕೆಂದು ಅಲ್ಲಲ್ಲಿ ಮತ್ತೆ ಬಂದ್. ಹೀಗಾದರೆ ಮಾರ್ಗ 'ತೆರೆಯಿತು' ಎಂಬ ಸುದ್ದಿಯ ನಂತರವೂ ಕೆಲವು ಕಾಲ ಗಾಡಿ ರದ್ದಾಗುತ್ತಲೇ ಇರುತ್ತದೆ.

'ಎಲ್ಲ' ಟಿಕೆಟ್ ಖಾಲಿ

ಎಲ್ಲ ಎಂಬುದು ಅಲ್ಲಿನ ಊರಿನ ಹೆಸರು. ಟಿಕೆಟ್ ವಿಷಯದಲ್ಲಿ ಕನ್ನಡದ ಅರ್ಥವೂ ಹೊಂದುತ್ತದೆ. ಕಾಯ್ದಿರಿಸುವಿಕೆ ತೆರೆಯುವುದು ಪ್ರಯಾಣಕ್ಕೆ 30 ದಿನ ಮೊದಲು. ಅಲ್ಲಿನ ಗಡಿಯಾರವೂ ನಮ್ಮದೂ ಒಂದೇ, ಹೆಚ್ಚುಕಡಿಮೆ ಲೆಕ್ಕ ಬೇಡ. ಆದರೆ 'ಎಲ್ಲ' ಊರಿನ ಕಡೆಗೆ ಹೋಗುವ ಗಾಡಿಗಳ ಇ-ಟಿಕೆಟ್‌ಗಳು ತೆರೆದ ಕ್ಷಣದಲ್ಲೇ ಮಾಯವಾಗಿ ಹಲವು ಪಟ್ಟು ಬೆಲೆಗೆ ಹೊರಗೆ ಸಿಗುತ್ತಿದ್ದ ದಂಧೆ 2025ರ ಆರಂಭದಲ್ಲಿ ಪೊಲೀಸ್ ತನಿಖೆಗೆ ಬಂದು ಬಂಧನಗಳಾದವು. ಆಮೇಲೆ ಟಿಕೆಟಿಗೆ ಪಾಸ್‌ಪೋರ್ಟ್ ಸಂಖ್ಯೆ ಜೋಡಿಸುವ ಕ್ರಮ ಬಂತು. ಹಾಗಾಗಿ ಬೇರೆಯವರ ಹೆಸರಿನ ಟಿಕೆಟನ್ನು ದುಬಾರಿಗೆ ಕೊಂಡು ಹೋದರೆ ಗಾಡಿಯಲ್ಲಿ ಸಿಕ್ಕಿಬೀಳುವವರು ನೀವೇ.

ಸೀಟು ಸಿಗದಿದ್ದರೆ ಕಂಗಾಲಾಗಬೇಕಿಲ್ಲ. ಕಾಯ್ದಿರಿಸದ ಎರಡನೇ, ಮೂರನೇ ದರ್ಜೆಯ ಟಿಕೆಟ್ ಅಂದೇ ಕೌಂಟರಿನಲ್ಲಿ ಸಿಗುತ್ತದೆ. ಚಿತ್ರ ತೆಗೆಯುವವರಿಗೆ ಅದೇ ವಾಸಿ ಕೂಡ. ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಚಿತ್ರದಲ್ಲಿ ಗಾಜಿನ ಪ್ರತಿಬಿಂಬವೇ ಬರುತ್ತದೆ. ಆದರೆ ಜಾಗ ಬೇಕೆಂದರೆ ಗಾಡಿ ಹೊರಡುವ ನಿಲ್ದಾಣದಲ್ಲೇ ಹತ್ತಬೇಕು, ನಡುವೆ ಹತ್ತಿದರೆ ನಿಂತೇ ಹೋಗಬೇಕು. ಬಾಗಿಲಲ್ಲಿ ಜೋತುಬಿದ್ದು ಚಿತ್ರ ತೆಗೆಸಿಕೊಳ್ಳುವಾಗ ವಿದೇಶಿ ಪ್ರವಾಸಿಗರು ಸತ್ತದ್ದಿದೆ. ಬೆಟ್ಟದ ಸುರಂಗ, ಬಂಡೆಗಳು ಬೋಗಿಗೆ ಒಂದು ತೋಳಿನಷ್ಟೂ ಜಾಗ ಬಿಟ್ಟಿರುವುದಿಲ್ಲ.

ಕೊಲಂಬೊದಿಂದ ಬರುವ ಪೊಡಿ ಮೆಣಿಕೆ ಗಾಡಿ ಕ್ಯಾಂಡಿಯೊಳಗೆ ಹೋಗಿ, ಅಲ್ಲಿಂದ ಹಿಮ್ಮುಖವಾಗಿ ಹೊರಡುತ್ತದೆ. ಬಲಗಡೆಯ ಕಿಟಕಿ ಎಂದು ಹಿಡಿದು ಕೂತವರು ಅಲ್ಲಿಂದ ಎಡಗಡೆಯವರಾಗುತ್ತಾರೆ. ಉಡರಟ ಮೆಣಿಕೆ ಕ್ಯಾಂಡಿಗೆ ಹೋಗದೆ ಪೇರಾದೆಣಿಯ ಜಂಕ್ಷನ್ನಿನಿಂದಲೇ ಬದುಲ್ಲದ ಕಡೆಗೆ ತಿರುಗುತ್ತದೆ. ಕ್ಯಾಂಡಿಯಲ್ಲಿ ಉಳಿದವರು ಅಲ್ಲಿಗೇ ಬರಬೇಕು. ಇದು ಎಲ್ಲವೂ ಸರಿಯಿದ್ದಾಗಿನ ಕ್ರಮ. ದುರಸ್ತಿಯ ಕಾಲದಲ್ಲಿ ಗಾಡಿಯ ಹೆಸರಿಗಿಂತ ಅಂದು ಅದು ಎಲ್ಲಿಂದ ಎಲ್ಲಿಗೆ ಎಂಬುದನ್ನೇ ಕೇಳಬೇಕು.

ವೀಸಾ: ನಿಯಮ ಮೂರು ಸಲ ಬದಲು

2023ರ ಅಕ್ಟೋಬರಿನಲ್ಲಿ ಭಾರತ ಸೇರಿ ಏಳು ದೇಶದವರಿಗೆ ವೀಸಾ ಶುಲ್ಕ ಬಿಟ್ಟರು. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ವೀಸಾ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟು ಗದ್ದಲವಾಯಿತು. ಆಗಸ್ಟಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು, ಹಳೆಯ ಇಟಿಎ (ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣದ ಅನುಮತಿ) ಪದ್ಧತಿ ಮರಳಿತು. ಶುಲ್ಕವಿಲ್ಲ ಎಂದರೆ ಅರ್ಜಿಯೂ ಇಲ್ಲ ಎಂದಲ್ಲ; ಹೊರಡುವ ಮೊದಲೇ ಇಟಿಎ ಪಡೆಯುವುದು ಕ್ಷೇಮ. ಸರ್ಕಾರಿ ತಾಣದ ವಿಳಾಸ ಜಿಒವಿ ಡಾಟ್ ಎಲ್‌ಕೆ ಎಂದು ಮುಗಿಯುತ್ತದೆ. ಅದೇ ರೂಪದ ಖಾಸಗಿ ತಾಣಗಳು ಇಲ್ಲದ ಶುಲ್ಕವನ್ನೂ ಕಿತ್ತುಕೊಳ್ಳುತ್ತವೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಉಳಿದಿರಬೇಕು.

ನಮ್ಮ ಕಡೆಯಿಂದ ದಾರಿ

ಬೀದರಿನವರಿಗೆ, ಕಲಬುರಗಿಯವರಿಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಹೈದರಾಬಾದ್. ಕೊಲಂಬೊಗೆ ಹೆಚ್ಚು ಆಯ್ಕೆ ಸಿಗುವುದು ಚೆನ್ನೈಯಿಂದ. ಮುಂಬೈ–ಚೆನ್ನೈ ಗಾಡಿಗಳು ಕಲಬುರಗಿ, ವಾಡಿ, ಯಾದಗಿರಿ ಹಾದೇ ಹೋಗುವುದರಿಂದ ಯಾದಗಿರಿಯವರಿಗೆ ಇದೇ ಸಲೀಸು.

ರೈಲಿನ ಹುಚ್ಚಿದ್ದವರಿಗೆ ಇನ್ನೊಂದು ದಾರಿಯೂ ಇದೆ. ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಹಡಗು ಮತ್ತೆ ಶುರುವಾಯಿತು, ನಿಂತಿತು, 2024ರ ಆಗಸ್ಟಿನಲ್ಲಿ ಮತ್ತೆ ಹೊರಟಿತು. ನಾಲ್ಕು ಗಂಟೆಯ ಆಸುಪಾಸಿನ ಪಯಣ. ಹಿಂಗಾರು ಮಳೆಯ ತಿಂಗಳುಗಳಲ್ಲಿ ಸಮುದ್ರ ಕೆರಳಿದರೆ ಸೇವೆ ನಿಲ್ಲುತ್ತದೆ. ಇಳಿಯುವ ಜಾಗ ಲಂಕೆಯ ಉತ್ತರ ಮಾರ್ಗದ ಕೊನೆಯ ನಿಲ್ದಾಣ. ಯುದ್ಧದಲ್ಲಿ ಹಾಳಾಗಿದ್ದ ಈ ಮಾರ್ಗವನ್ನು ಕಟ್ಟಿದ್ದು ಭಾರತದ ಸರ್ಕಾರಿ ರೈಲು ನಿರ್ಮಾಣ ಕಂಪನಿ ಇರ್ಕಾನ್. 2014ರಲ್ಲಿ ಜಾಫ್ನಾಕ್ಕೆ ರೈಲು ಮರಳಿತು, ಮಾಹೊ–ಓಮಂತೈ ನಡುವಿನ 128 ಕಿ.ಮೀ. ಸುಧಾರಣೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಬಯಲಿನ ಮಾರ್ಗವಾದ್ದರಿಂದ ಪ್ರವಾಹಕ್ಕೆ ಸಿಕ್ಕರೂ ಬೆಟ್ಟಕ್ಕಿಂತ ಬೇಗ ಎದ್ದು ನಿಲ್ಲುತ್ತದೆ.

ಹಿಂದೆ ಇದಕ್ಕಿಂತ ಸುಲಭವಿತ್ತು. 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ಮದ್ರಾಸಿನಿಂದ ಧನುಷ್ಕೋಡಿಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೊಗೆ ರೈಲು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿತು. ಆ ಹಳಿಯನ್ನು ಇವತ್ತಿನವರೆಗೆ ಮತ್ತೆ ಹಾಕಿಲ್ಲ.

ಜೋಡಿಸುವ ಕ್ರಮ

ಎಂಟು ದಿನವಿದ್ದರೆ ಬೆಟ್ಟಕ್ಕೆ ಮೂರಕ್ಕಿಂತ ಹೆಚ್ಚು ಇಡಬೇಡಿ, ಅದನ್ನು ಪ್ರವಾಸದ ನಡುವೆ ಇಡಿ. ಮೊದಲ ದಿನಗಳು ಗಾಲ್, ಮಾತರ, ಬೆಲಿಯತ್ತದ ಕರಾವಳಿ ಮಾರ್ಗಕ್ಕೆ. ಆಮೇಲೆ ಕ್ಯಾಂಡಿ ಕಡೆ, ಕಡುಗನ್ನಾವದ ರೈಲ್ವೆ ಮ್ಯೂಸಿಯಂ. ಅಷ್ಟರಲ್ಲಿ ಮುಂದಿನ ತುಂಡುಗಳ ಸ್ಥಿತಿ ಅಲ್ಲೇ ನಿಲ್ದಾಣದಲ್ಲಿ ತಿಳಿಯುತ್ತದೆ. ನಡುವೆ ಹಳಿ ಮುಚ್ಚಿದ್ದರೆ ಕ್ಯಾಂಡಿಯಿಂದ ನುವರ ಎಲಿಯಕ್ಕೆ ಬಸ್ಸಿದೆ, ದೂರ ಸುಮಾರು 75 ಕಿ.ಮೀ. ಅಲ್ಲಿಂದ ನಾನು ಓಯ ನಿಲ್ದಾಣ ಎಂಟು ಕಿ.ಮೀ. ಪಟ್ಟಿಪೊಳ, ಓಹಿಯ, ಹಪುತಲೆ, ಒಂಬತ್ತು ಕಮಾನಿನ ಸೇತುವೆ, ಹಳಿ ಸುತ್ತಿ ಬಂದು ನಿಲ್ದಾಣದ ಅಡಿಯಲ್ಲೇ ಹಾಯುವ ದೆಮೋದರ, ಎಲ್ಲವೂ ಅದರ ಮುಂದೆಯೇ ಇರುವುದರಿಂದ, ಬರೀ ಆ ತುಂಡು ಓಡುತ್ತಿದ್ದರೂ ಹೋದದ್ದಕ್ಕೆ ಮೋಸವಿಲ್ಲ.

ಕಾಲ ನೋಡಿ ಹೊರಡಿ. ಬೆಟ್ಟದಲ್ಲಿ ಜನವರಿಯಿಂದ ಮಾರ್ಚ್ ಒಣ ತಿಂಗಳು. ಅಕ್ಟೋಬರ್, ನವೆಂಬರ್ ಬೇಡವೇ ಬೇಡ. ಅಲ್ಲಿನ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಜಿಲ್ಲಾವಾರು ಭೂಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ. 24 ಗಂಟೆಯಲ್ಲಿ 75 ಮಿ.ಮೀ. ಮಳೆ ದಾಟಿದರೆ ಮೊದಲ ಹಂತ, 100 ದಾಟಿದರೆ ಎರಡನೆಯದು, 150 ದಾಟಿದರೆ ಜಾಗ ಖಾಲಿ ಮಾಡಬೇಕಾದ ಹಂತ. ವರ್ಷಕ್ಕೆ ಎಂಟುನೂರು ಮಿ.ಮೀ. ಆಸುಪಾಸು ಕಾಣುವ ಕಲಬುರಗಿಯವರಿಗೆ 150 ಎಂದರೆ ಏನೆಂದು ಅಂದಾಜಾದೀತು. ನುವರ ಎಲಿಯ ಅಥವಾ ಬದುಲ್ಲ ಜಿಲ್ಲೆಗೆ ಎರಡನೇ ಹಂತ ಬಂದರೆ ಗಾಡಿಯ ಆಸೆ ಬಿಟ್ಟು ಕರಾವಳಿಗೆ ಇಳಿಯುವುದು ಒಳ್ಳೆಯದು.

ಪ್ರವಾಸ ವಿಮೆ ಮಾಡಿಸುವವರು ಒಂದು ಷರತ್ತನ್ನು ಓದಲೇಬೇಕು. ಪಾಲಿಸಿ ಕೊಳ್ಳುವಾಗಲೇ ಗೊತ್ತಿದ್ದ ಅಡಚಣೆಗೆ ಸಾಮಾನ್ಯವಾಗಿ ಪರಿಹಾರವಿಲ್ಲ. ಹಳಿ ಮುಚ್ಚಿದೆ ಎಂದು ಪತ್ರಿಕೆಯಲ್ಲಿ ಬಂದ ಮೇಲೆ ಮಾಡಿಸಿದ ವಿಮೆ ಅದೇ ಕಾರಣಕ್ಕೆ ತಪ್ಪಿದ ಪ್ರಯಾಣಕ್ಕೆ ಬರುವುದಿಲ್ಲ. ಹಾಗಾಗಿ ಬೆಟ್ಟದ ಹೋಟೆಲುಗಳನ್ನು ರದ್ದು ಮಾಡಬಹುದಾದ ದರದಲ್ಲೇ ಹಿಡಿಯಿರಿ, ಸ್ವಲ್ಪ ಹೆಚ್ಚಾದರೂ ಸರಿ.

ನಮ್ಮ ಒಂದು ರೂಪಾಯಿಗೆ ಅಲ್ಲಿ ಸುಮಾರು ಮೂರೂವರೆ ಬರುತ್ತದೆ. 2024ರ ಫೆಬ್ರುವರಿಯಿಂದ ಅಲ್ಲಿನ ಅಂಗಡಿಗಳ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ಫೋನಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮನೆಯಲ್ಲೇ ಚಾಲೂ ಮಾಡಿಕೊಂಡು ಹೋಗಬೇಕು. ಬೆಟ್ಟದ ಸಣ್ಣ ನಿಲ್ದಾಣಗಳ ಟಿಕೆಟ್ ಕಿಂಡಿಗೆ ಮಾತ್ರ ಚಿಲ್ಲರೆ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ.